ಅದು ಗುಜರಿನೂ ಅಲ್ಲ, ಅವರೊಬ್ಬರ ಆಟದ ಸಾಮಾನೂ ಅಲ್ಲ

ಹೋದ ತಿಂಗಳು ನಾದಿನಿ ಮನೆ ಸೀಮಂತದಲ್ಲಿ ನಾನು ಊಟ ಆದ ಕೂಡ್ಲೆ ಎದ್ದು ಬಂದೆ ಅಂತ ಸುಮಾರು ಜನಕ್ಕೆ ಬೇಜಾರಾಗೈತಂತೆ. ಮೂರು ಜನ ಫೋನ್ ಮಾಡಿ ಕೇಳಿದ್ರು. ಅಲ್ಲೇ ಬಾಯಿ ಬಿಟ್ಟಿದ್ರೆ ಬಸುರಿ ಹುಡುಗಿ ಮುಂದೆ ಜಗಳ ಆಗ್ತಿತ್ತು. ಅದಕ್ಕೆ ಸುಮ್ನೆ ಬಂದೆ. ಈಗ ಇಲ್ಲಿ ಬರೀತಾ ಇದೀನಿ. ಓದ್ಕೊಳ್ಳಿ, ಆಮೇಲೆ ಬೈಯೋದಿದ್ರೆ ಬೈರಿ.

ಅಲ್ಲಿ ಎರಡು ಮಾತು ಬಂತು. ಒಂದು ನಾದಿನಿದು. “ಅತ್ತಿಗೆ, ಆ ಗುಜರಿ ಗಾಡಿನ ಮೊದ್ಲು ಮನೆ ಮುಂದಿಂದ ಎತ್ತಿಸಿ. ಹುಡುಗಿ ನೋಡಕ್ಕೆ ಬರೋರು ಏನಂದ್ಕೊಂಡಾರು? ಮಾರಿದ್ರೆ ಮದುವೆಗೆ ಒಂದು ಜೊತೆ ಓಲೆ ಆದ್ರೂ ಆಗ್ತದೆ” ಅಂದ್ಲು. ಇನ್ನೊಂದು ನನ್ನ ಓರಗಿತ್ತಿದು. “ಬಿಡೆ, ಗಂಡಸ್ರಿಗೆ ಒಂದು ಹುಚ್ಚು ಇರ್ಲಿ, ಕುಡಿಯೋದಕ್ಕಿಂತ ವಾಸಿ ಅಲ್ವಾ” ಅಂದ್ರು. ಎಲ್ರೂ ನಕ್ರು. ಮೊದಲನೇ ಮಾತು ಗಾಡಿಗೆ ಮಾಡಿದ ಅವಮಾನ. ಎರಡನೇದು ನನ್ನ ಪರವಾಗಿ ಆಡಿದ ಹಾಗೆ ಕಾಣ್ತದೆ, ಆದ್ರೆ ನಂಗೆ ಜಾಸ್ತಿ ಚುಚ್ಚಿದ್ದು ಅದೇ. ಎರಡಕ್ಕೂ ಉತ್ತರ ಕೊಡ್ತೀನಿ.

ಮೊದ್ಲು ಗಾಡಿ ವಿಷಯ. ನಾಗಸಂದ್ರದ ನಮ್ಮನೆ ಮುಂದೆ ನೀಲಿ ಹೊದಿಕೆ ಕೆಳಗೆ ನಿಂತಿರೋದು 1984ರ ಡಾಲ್ಫಿನ್. ಈಗಿನ ಮಕ್ಕಳಿಗೆ ಹೆಸರೇ ಗೊತ್ತಿಲ್ಲ. ಅದು ಹುಟ್ಟಿದ್ದು ಎಲ್ಲೋ ಅಲ್ಲ, ನಮ್ಮ ಬೆಂಗಳೂರಲ್ಲೇ, ಇದೇ ತುಮಕೂರು ರಸ್ತೆಲಿ. ಸಿಪಾನಿ ಆಟೊಮೊಬೈಲ್ಸ್ ಅನ್ನೋರು 1982ರಲ್ಲಿ ಶುರು ಮಾಡಿದ್ರು. ಅದಕ್ಕೂ ಮುಂಚೆ ಅವ್ರು ಬಾದಲ್ ಅಂತ ಮೂರು ಚಕ್ರದ ಕಾರು ಮಾಡ್ತಿದ್ರು. ಡಾಲ್ಫಿನ್ನಿನ ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನೋ ಪುಟ್ಟ ಕಾರು. 848 ಸಿ.ಸಿ. ಅಲ್ಯೂಮಿನಿಯಂ ಎಂಜಿನ್ನು, ಎರಡೇ ಬಾಗಿಲು. ಮೈಯೆಲ್ಲಾ ಫೈಬರ್‌ಗ್ಲಾಸು, ನಮ್ಮ ಮಾಳಿಗೆ ಮೇಲೆ ಶೀಟ್ ಹಾಕ್ತೀವಲ್ಲ ಅಂಥದ್ದು, ಸ್ವಲ್ಪ ದಪ್ಪ. ಅಂಬಾಸಿಡರ್ ಒಂದು ಟನ್ನಿನ ಮೇಲೆ ತೂಗ್ತಿತ್ತು. ಈ ಕಿಟನ್ನು ಐನೂರು ಕೆ.ಜಿ. ಆಸುಪಾಸು. ಅಂದ್ರೆ ಅರ್ಧನೂ ಇಲ್ಲ.

ಆ ಹಗುರ ಇತ್ತಲ್ಲ, ಅದೇ ಅದರ ಶಕ್ತಿ. ಎಂಜಿನ್ ಸಣ್ಣದಾದ್ರೂ ಹೊರೆ ಕಮ್ಮಿ ಇದ್ರೆ ಗಾಡಿ ಓಡ್ತದೆ. ಅದಕ್ಕೇ ಮದ್ರಾಸಿನ ಹತ್ರ ಶೋಲಾವರಂ ರೇಸಿಗೆ ಹುಡುಗ್ರು ಡಾಲ್ಫಿನ್ ತಗೊಂಡ್ ಹೋಗ್ತಿದ್ರು. 1983ರ ಡಿಸೆಂಬರಲ್ಲಿ ಮಾರುತಿ 800 ಬಂತು, ಜನ ಎಲ್ಲಾ ಆ ಕಡೆ ಹೋದ್ರು, ನಮ್ಮೂರ ಕಾರಿನ ಕಥೆ ಮುಗೀತಾ ಬಂತು. ಆಮೇಲೆ 1998ರಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಮಾಡು ತೆಗೆಯೋ ಎರಡು ಸೀಟಿನ ಕಾರು ಬಂತು. ಅದೂ ಫೈಬರ್ ಮೈಯೇ. ಬೊಮ್ಮಸಂದ್ರದಲ್ಲಿ ರೇವಾ ಅಂತ ಬ್ಯಾಟರಿ ಕಾರು ಬಂತು, ಅದಕ್ಕೂ ಕಬ್ಬಿಣದ ಪೈಪಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ. ಹಗುರವಾದ ಕಾರು ಮಾಡೋ ಆಸೆ ನಮ್ಮೂರಿಗೆ ಹೊಸದಲ್ಲ ಅನ್ನೋಕೆ ಇಷ್ಟು ಹೇಳಿದೆ.

ಇಂಗ್ಲೆಂಡಲ್ಲಿ ಇಂಥ ಹಗುರ ಸ್ಪೋರ್ಟ್ಸ್ ಕಾರನ್ನ ಬಿಡಿಭಾಗದ ಪೆಟ್ಟಿಗೆಲಿ ತಂದು ಮನೇಲೇ ಜೋಡಿಸ್ಕೊಳ್ತಾರೆ. 1957ರಲ್ಲಿ ಲೋಟಸ್ ಸೆವೆನ್ ಅಂತ ಬಂತು. ಬಿಡಿಭಾಗವಾಗಿ ಕೊಂಡ್ರೆ ಖರೀದಿ ತೆರಿಗೆ ಉಳೀತಿತ್ತು ಅಂತ ಸುಮಾರು ಜನ ಹಂಗೇ ಕೊಳ್ತಿದ್ರು. ನಮ್ಮಲ್ಲಿ ಅದು ಆಗಲ್ಲ. ಹೊಸ ಮಾದರಿ ಗಾಡಿ ರಸ್ತೆಗಿಳೀಬೇಕು ಅಂದ್ರೆ ಪುಣೆ ಎಆರ್‌ಎಐ ಥರದ ಸಂಸ್ಥೆಲಿ ಪರೀಕ್ಷೆ ಪಾಸಾಗ್ಬೇಕು. ನಮ್ಮಂಥೋರಿಗೆ ಎಟುಕೋ ಮಾತಲ್ಲ. ಕಾಲೇಜು ಮಕ್ಕಳು ರೇಸ್ ಕಾರು ಕಟ್ತಾರೆ, ನಮ್ಮ ಆರ್.ವಿ. ಕಾಲೇಜಿನ ಅಶ್ವ ತಂಡದ ಥರ, ಆದ್ರೆ ಅವು ಟ್ರ್ಯಾಕಲ್ಲಿ ಮಾತ್ರ ಓಡೋವು. ಹಂಗಾಗಿ ಕೈ ತುರಿಕೆ ಇರೋರು ಇಲ್ಲಿ ಏನು ಮಾಡ್ತಾರೆ? ಹಳೇ ಡಾಲ್ಫಿನ್ನೋ ಸ್ಟಾರ್ಮೋ ಹುಡುಕಿ ತಂದು, ಪೂರ್ತಿ ಬಿಚ್ಚಿ, ಮತ್ತೆ ಜೋಡಿಸ್ತಾರೆ. ನಮ್ಮೆಜಮಾನ್ರು ಮಾಡಿದ್ದೂ ಅದೇ. 2009ರಲ್ಲಿ ರಾಜಾಜಿನಗರದ ಒಂದು ಶೆಡ್ಡಿಂದ ಇಪ್ಪತ್ತೆರಡು ಸಾವಿರಕ್ಕೆ ತಂದ್ರು. ಒಳಗೆ ಬೆಕ್ಕು ಮರಿ ಹಾಕಿತ್ತು.

ಇದನ್ನ ಗುಜರಿ ಅಂತೀರಲ್ಲ, ನಿಮ್ಮನ್ನ ಒಂದು ಕೇಳ್ತೀನಿ. ನಿಮ್ಮನೆ ಹೊಸ ಕಾರು ದಾರಿಲಿ ನಿಂತ್ರೆ ಬಾನೆಟ್ ಎತ್ತೋರು ಯಾರು? ಫೋನ್ ಮಾಡ್ತೀರಿ, ಲಾರಿ ಮೇಲೆ ಹೇರ್ಕೊಂಡ್ ಹೋಗ್ತಾರೆ, ಕೇಳಿದಷ್ಟು ಕೊಟ್ಟು ಬರ್ತೀರಿ. ಏಳು ವರ್ಷ ಕಂತು ಕಟ್ಟಿ, ಮುಗಿಯೋ ಹೊತ್ತಿಗೆ ಮಾರಿ, ಇನ್ನೊಂದಕ್ಕೆ ಕಂತು ಶುರು. ಅದು ಅಂತಸ್ತು. ನಮ್ಮನೆ ಗಾಡಿಲಿ ಒಂದು ಬುಷ್ ಸವೆದ್ರೆ ಹಳೇದನ್ನ ಜೇಬಲ್ಲಿ ಹಾಕ್ಕೊಂಡು ಪೀಣ್ಯ ಎರಡನೇ ಹಂತಕ್ಕೆ ಹೋದ್ರೆ ಸಾಕು, ಲೇತಲ್ಲಿ ಅದರ ಥರದ್ದೇ ಇನ್ನೊಂದು ಕಡೆದು ಕೊಡ್ತಾರೆ. ಮೂವತ್ತು ವರ್ಷ ಟರ್ನರ್ ಆಗಿದ್ದ ಮನುಷ್ಯ, ಅಳತೆ ತಪ್ಪಿದ್ರೆ ವಾಪಸ್ ಕೊಟ್ಟು ಬರ್ತಾರೆ. ಸಿಗದ ಸಾಮಾನಿಗೆ ಜೆ.ಸಿ. ರಸ್ತೆ ಐತೆ. ಬಿಚ್ಚಿ ನೋಡಕ್ಕಾಗೋ ವಸ್ತು ಮನೇಲಿ ಒಂದಾದ್ರೂ ಇರ್ಬೇಕು ಕಣ್ರೀ. ಇಲ್ಲಾಂದ್ರೆ ಮಕ್ಕಳಿಗೆ ಎಲ್ಲಾ ಸಾಮಾನೂ ಅಂಗಡಿಲಿ ಹುಟ್ಟಿ ಗುಜರಿಲಿ ಸಾಯ್ತದೆ ಅಂತಲೇ ಅನ್ಸ್ತದೆ.

ಸರಿ, ಗಾಡಿ ಪರವಾಗಿ ಇಷ್ಟು. ಈಗ ಓರಗಿತ್ತಿ ಮಾತಿಗೆ ಬರ್ತೀನಿ.

“ಕುಡಿಯೋದಕ್ಕಿಂತ ವಾಸಿ” ಅನ್ನೋ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರ್ತದೆ! ಅಂದ್ರೆ ಗಂಡಸಿನ ಖರ್ಚಿಗೆ ಲೆಕ್ಕ ಬೇಡ, ಅದು ಹೆಂಡದಂಗಡಿಗೆ ಹೋಗದಿದ್ರೆ ಸಾಕು. ನಾನೂ ಹಂಗೇ ಅಂದ್ಕೊಂಡಿದ್ದೆ, 2016ರ ತನಕ. ಆ ವರ್ಷ ಗಾಡಿ ಚಾಸಿಗೆ ಕೆಲಸ ಬಂತು. ಫೈಬರ್ ಮೈಗೆ ತುಕ್ಕು ಹಿಡಿಯಲ್ಲ, ನೂರು ವರ್ಷ ಹಂಗೇ ಥಳ ಥಳ ಅಂತಿರ್ತದೆ. ಕೆಳಗಿರೋ ಕಬ್ಬಿಣದ ಚಾಸಿ ಕಾಣದ ಹಾಗೆ ತಿಂದು ಹೋಗಿರ್ತದೆ. ಮೇಲೆ ನೋಡಿ ಮೋಸ ಹೋಗಬಾರದು. ಅದನ್ನ ವೆಲ್ಡ್ ಮಾಡಿಸೋಕೆ ದುಡ್ಡು ಸಾಲದೆ, ನಮ್ಮೆಜಮಾನ್ರು ನಂಗೆ ಹೇಳದೆ ನನ್ನ ಒಂದು ಜೊತೆ ಬಳೆ ಅಡ ಇಟ್ಟಿದ್ರು. ವರಮಹಾಲಕ್ಷ್ಮಿ ಹಬ್ಬಕ್ಕೆ ಬೀರು ತೆಗೆದಾಗ ಗೊತ್ತಾಯ್ತು. ಕಾಣದ ಹಾಗೆ ತಿಂದು ಹೋಗಿದ್ದು ಚಾಸಿ ಒಂದೇ ಅಲ್ಲ ಅಂತ ಆವತ್ತು ಅಂದೆ. ಮೂರು ದಿನ ಮಾತಿಲ್ಲ.

ಆವತ್ತಿಂದ ಒಂದು ನೋಟ್‌ಬುಕ್ ಐತೆ. ಗಾಡಿಗೆ ಹಾಕಿದ ಒಂದೊಂದು ರೂಪಾಯಿನೂ ಬರೀಬೇಕು. 2022ರ ಏಪ್ರಿಲಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ 600 ರೂಪಾಯಿ ಇದ್ದದ್ದು 5,000 ಆಯ್ತು. ಅದೂ ಅದರಲ್ಲೇ ಐತೆ. ತಿಂಗಳಿಗೆ ಇಷ್ಟೇ ಅಂತ ಗೆರೆ ಹಾಕಿದೀವಿ, ಪಕ್ಕದ ಪುಟದಲ್ಲಿ ಅಷ್ಟೇ ದುಡ್ಡು ನನ್ನ ಹೆಸರಿಗೆ. ಬಳೆ ಬಿಡಿಸ್ಕೊಂಡು ಬಂದ್ರು. ನಾನು ನನ್ನ ಪುಟದ ದುಡ್ಡಲ್ಲಿ ಡ್ರೈವಿಂಗ್ ಕಲ್ತೆ.

ಇನ್ನು ದುಡ್ಡಲ್ಲಿ ಬರೆಯಕ್ಕಾಗದ ಲೆಕ್ಕ. ಫೈಬರ್ ಬಿರುಕು ಬಿಟ್ರೆ ಅದನ್ನ ಉಜ್ಜಿ, ಗಾಜಿನ ಬಟ್ಟೆ ಇಟ್ಟು, ರೆಸಿನ್ ಬಳಿಯಬೇಕು. ಉಜ್ಜಿದ ಪುಡಿ ಗಾಜೇ. ಮೈಗೆ ಹತ್ತಿದ್ರೆ ಕೆರೆತ, ಉಸಿರಿಗೆ ಹೋದ್ರೆ ಕೆಮ್ಮು. ಮೊದಮೊದಲು ಆ ಅಂಗಿನ ನಮ್ಮ ಬಟ್ಟೆ ಜೊತೇಲೇ ಮೆಷಿನ್ನಿಗೆ ಹಾಕಿದ್ದೆ, ವಾರ ಪೂರ್ತಿ ಮನೆ ಮಂದಿಯೆಲ್ಲಾ ಕೆರ್ಕೊಂಡ್ವಿ. ಯಾರ ಮನೇಲಾದ್ರೂ ಈ ಕೆಲಸ ಇದ್ರೆ ಹೇಳ್ತೀನಿ ಕೇಳಿ. ಆ ಬಟ್ಟೆನ ಹೊರಗೇ ಬಿಚ್ಚಿಸಿ, ಒಳಗೆ ತರಬೇಡಿ. ಬೇರೆ ಬಕೆಟ್ಟಲ್ಲಿ ನೀರು ಬದಲಾಯಿಸಿ ಬದಲಾಯಿಸಿ ಜಾಲಿಸಿ, ಕೈಯಲ್ಲಿ ತಿಕ್ಕಬೇಡಿ. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಇಲ್ಲದೆ ಉಜ್ಜಕ್ಕೆ ಬಿಡಬೇಡಿ. ರೆಸಿನ್ನಿಗೆ ಹಾಕೋ ಹಾರ್ಡನರ್ ಕಣ್ಣಿಗೆ ಬಿದ್ರೆ ಕಣ್ಣೇ ಹೋಗೋ ಅಷ್ಟು ಕೆಟ್ಟದ್ದು. ಒಲೆ ಉರಿಯೋ ಕಡೆ ಅದನ್ನ ಇಡಲೇಬಾರದು. ನೆಲಕ್ಕೆ ಬಿದ್ದ ಎಣ್ಣೆಗೆ ಮರದ ಹೊಟ್ಟು ಹಾಕಿ ರಾತ್ರಿ ಬಿಟ್ರೆ ಬೆಳಿಗ್ಗೆ ರಂಗೋಲಿ ಹಾಕಕ್ಕೆ ಜಾಗ ಆಗ್ತದೆ. ಇದನ್ನೆಲ್ಲಾ ಏಳು ವರ್ಷ ನಾನೊಬ್ಬಳೇ ಮಾಡಿದೆ, ಹೆಸರು ಮಾತ್ರ “ಅವರ ಹವ್ಯಾಸ”. ಈಗ ಆ ಬಕೆಟ್ಟು ಅವರದ್ದೇ.

ಕಾನೂನಿನ ವಿಷಯಕ್ಕೂ ಒಂದು ಜಗಳ ಆಯ್ತು. ಸ್ನೇಹಿತರು ಯಾರೋ ಹೇಳಿಕೊಟ್ರು ಅಂತ ಹಳೇ ಎಂಜಿನ್ ತೆಗೆದು ಬೇರೆ ಕಾರಿನ ಎಂಜಿನ್ ಕೂರಿಸ್ತೀನಿ ಅಂದ್ರು. ಮಗಳು ಕಂಪ್ಯೂಟರಲ್ಲಿ ತೆಗೆದು ಓದಿ ಹೇಳಿದ್ಲು. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಮಾಡಿದ ರೂಪ ಬದಲಾಯಿಸೋ ಹಾಗಿಲ್ಲ. 2019ರ ಜನವರಿಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿದೈತೆ. ಅದೇ ವರ್ಷದ ತಿದ್ದುಪಡಿಲಿ ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲಾ ಆರು ತಿಂಗಳ ತನಕ ಜೈಲು. “ಜೈಲಿಗೆ ಬುತ್ತಿ ತರೋಳು ನಾನಲ್ಲ” ಅಂದೆ. ಹಳೇ ಎಂಜಿನ್ನೇ ರಿಪೇರಿ ಆಯ್ತು. ಐವತ್ತು ವರ್ಷ ದಾಟಿದ್ರೆ ವಿಂಟೇಜ್ ಅಂತ ಬೇರೆ ನೋಂದಣಿ ಮಾಡಿಸಬಹುದು, ಆದ್ರೆ ಅದಕ್ಕೂ ಮೂಲ ರೂಪ ಹಂಗೇ ಇರ್ಬೇಕು. ನಮ್ಮ ಗಾಡಿಗೆ ಅದು 2034ಕ್ಕೆ. ಬದುಕಿದ್ರೆ ನೋಡಾಣ.

ಇನ್ನೊಂದನ್ನ ಮುಚ್ಚಿಡಲ್ಲ. ಆ ಹಗುರ ಗಾಡಿಗೆ ಏರ್‌ಬ್ಯಾಗಿಲ್ಲ, ಲಾರಿ ತಗುಲಿದ್ರೆ ಮೊರ ಮುರಿದಂಗೆ ಮುರೀತದೆ. ಪೆಟ್ರೋಲ್ ಪೈಪು ಸೋರಿ ಕಿಡಿ ತಗುಲಿದ್ರೆ ಫೈಬರ್ ಹತ್ಕೊಂಡು ಉರೀತದೆ. ಅದಕ್ಕೇ ತುಮಕೂರು ಹೆದ್ದಾರಿಗೆ ತಗೊಂಡ್ ಹೋಗೋ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಹೆಸರಘಟ್ಟ ರಸ್ತೆ ಕಡೆ ನಿಧಾನಕ್ಕೆ ಒಂದು ಸುತ್ತು, ಸೀಟಿನ ಹತ್ರ ಬೆಂಕಿ ಆರಿಸೋ ಸಿಲಿಂಡರು. ಒಪ್ಪಿದ್ರೆ ಗಾಡಿ, ಇಲ್ದಿದ್ರೆ ಇಲ್ಲ ಅಂದೆ. ಒಪ್ಪಿದ್ರು.

ಈಗ ಹುಡುಗಿ ಮಾತು. ಎಲ್ಲಾ ಶುರುವಾಗಿದ್ದು ಅಲ್ಲಿಂದ್ಲೇ ಅಲ್ವಾ.

ಎರಡು ವರ್ಷದ ಹಿಂದೆ ಗಾಡಿ ಹೆಡ್‌ಲೈಟು ಮಂಕಾಗಿ ಉರಿಯಕ್ಕೆ ಶುರುವಾಯ್ತು, ಹಾರ್ನ್ ಒತ್ತಿದ್ರೆ ಇನ್ನೂ ಮಂಕು. ಇವರು ಬಲ್ಬು ಬದಲಾಯಿಸಿದ್ರು, ಬ್ಯಾಟರಿ ಬದಲಾಯಿಸಿದ್ರು, ನೋಟ್‌ಬುಕ್ಕಲ್ಲಿ ಆ ತಿಂಗಳ ಗೆರೆ ದಾಟಿತು. ಮಗಳು ಎಲೆಕ್ಟ್ರಾನಿಕ್ ಸಿಟಿಲಿ ಕೆಲಸ ಮಾಡೋಳು, ದಿನಾ ಕಂಪನಿ ಬಸ್ಸಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರ್ತಾಳೆ. ಒಂದು ಶನಿವಾರ ಮೀಟರ್ ಹಿಡ್ಕೊಂಡು ಗಾಡಿ ಕೆಳಗೆ ಮಲಗಿದ್ಲು. ಹೊರಗೆ ಬಂದು ಹೇಳಿದ್ಲು, “ಅಪ್ಪಾ, ಇದು ಕಬ್ಬಿಣದ ಕಾರಲ್ಲ. ಕಬ್ಬಿಣದ್ದಾದ್ರೆ ಮೈಯಲ್ಲೇ ಕರೆಂಟು ವಾಪಸ್ ಬ್ಯಾಟರಿಗೆ ಹೋಗ್ತದೆ. ಫೈಬರಲ್ಲಿ ಹೋಗಲ್ಲ. ಒಂದೊಂದು ಬಲ್ಬಿಗೂ ಚಾಸಿ ತನಕ ಅರ್ಥ್ ವೈರ್ ಬೇಕು. ನಿಮ್ಮದು ತುಕ್ಕು ಹಿಡಿದು ಕೂತೈತೆ.” ಉಜ್ಜಿ, ಒಂದು ಮಾರು ಹೊಸ ವೈರ್ ಹಾಕಿದ್ಲು. ದೀಪ ಎದುರು ಮನೆ ಗೋಡೆವರೆಗೂ ಬಿತ್ತು. ನೋಟ್‌ಬುಕ್ಕಲ್ಲಿ ಆವತ್ತಿನ ಖರ್ಚು ಅರವತ್ತು ರೂಪಾಯಿ. ಮೂವತ್ತು ವರ್ಷ ಕಬ್ಬಿಣದ ಜೊತೇಲೇ ಬದುಕಿದ ಮನುಷ್ಯಂಗೆ ಅದು ಹೊಳೆದಿರಲಿಲ್ಲ. ಅವರು ಅದನ್ನ ಇವತ್ತಿಗೂ ಬಂದೋರಿಗೆಲ್ಲಾ ಹೇಳ್ಕೊಂಡು ಮೆರೀತಾರೆ.

ನೀವು ಅವತ್ತು ಏನಂದ್ರಿ? “ಹುಡುಗಿ ಕೈಗೆ ಗ್ರೀಸು ಮೆತ್ಕೊಂಡ್ರೆ ಮೆಹಂದಿ ಹತ್ತತ್ತಾ?” ಅಂದ್ರಿ. ಅದೇ ಓರಗಿತ್ತಿ ಮಗ ಬುಲೆಟ್ ಬಿಚ್ಚಿ ನಾಲ್ಕು ತಿಂಗಳಿಂದ ಜೋಡಿಸಕ್ಕಾಗದೆ ಮಾಳಿಗೆಲಿ ಹರಡ್ಕೊಂಡವ್ನೆ, ಅವನಿಗೆ “ಕೈಲಿ ಕೆಲಸ ಐತೆ” ಅಂತೀರಿ. ಅತ್ತೆ ಒಡೆದ್ರೆ ಹಳೇ ಮಡಕೆ, ಸೊಸೆ ಒಡೆದ್ರೆ ಹೊಸ ಮಡಕೆ ಅನ್ನೋ ಲೆಕ್ಕ ಇದು. ಹುಡುಗ ಮಾಡಿದ್ರೆ ಹವ್ಯಾಸ, ಹುಡುಗಿ ಮಾಡಿದ್ರೆ ಗುಜರಿ.

ಹಂಗಾಗಿ ನನ್ನ ತೀರ್ಮಾನ ಹೇಳ್ಬಿಡ್ತೀನಿ. ಹೆಣ್ಣು ನೋಡಕ್ಕೆ ಬರೋರು ಬರ್ಲಿ, ಗಾಡಿ ಅಲ್ಲೇ ಇರ್ತದೆ, ಹೊದಿಕೆ ತೆಗೆದೇ ಇಟ್ಟಿರ್ತೀನಿ. ಅದರ ಲೈಟು ರಿಪೇರಿ ಮಾಡಿದ್ದು ನಮ್ಮ ಹುಡುಗಿನೇ ಅಂತ ಕಾಫಿ ಕೊಡೋ ಮುಂಚೇನೇ ಹೇಳ್ತೀನಿ. ಅದನ್ನ ಕೇಳಿ ಮುಖ ಸಿಂಡರಿಸೋ ಮನೆ ನಮಗೆ ಬೇಡ. ಮಗಳಿಗೂ ಬೇಡ, ಕೇಳಿದೀನಿ. ಮಾರೋದಾ ಇಟ್ಕೊಳ್ಳೋದಾ ಅನ್ನೋದು ನಮ್ಮ ಮೂರು ಜನರ ಮಾತು, ಸೀಮಂತದ ಮನೆ ಮಾತಲ್ಲ.

ನಿಮಗೂ ಒಂದು ಮಾತು ಅಕ್ಕ-ತಂಗೇರೇ. ನಿಮ್ಮನೆ ಗಂಡಸ್ರ ಹುಚ್ಚು ಕಾರೋ, ಕ್ಯಾಮೆರಾನೋ, ಮೀನಿನ ತೊಟ್ಟಿನೋ, ಏನೇ ಇರ್ಲಿ. ಬೈದು ಮಾರಿಸಕ್ಕೆ ಹೋಗಬೇಡಿ. ಕುಡಿಯೋದಕ್ಕಿಂತ ವಾಸಿ ಅಂತ ನಕ್ಕು ಬಿಡಲೂಬೇಡಿ. ಲೆಕ್ಕ ಕೇಳಿ, ಅಷ್ಟೇ ದುಡ್ಡು ನಿಮ್ಮ ಪುಟಕ್ಕೂ ಬರೆಸಿ, ಕೊಳೆ ಬಟ್ಟೆ ಬಕೆಟ್ಟು ಅವರ ಕೈಗೇ ಕೊಡಿ. ಆಮೇಲೆ ಹೆಣ್ಣುಮಕ್ಕಳನ್ನ ಕರೆದು ಪಕ್ಕದಲ್ಲಿ ಕೂರಿಸಿ, ಹತ್ತು-ಹನ್ನೊಂದರ ಸ್ಪ್ಯಾನರ್ ಯಾವುದು ಅಂತ ತೋರ್ಸಿ. ನಿಮಗೇ ಗೊತ್ತಿಲ್ದಿದ್ರೆ ಭಾನುವಾರ ನಮ್ಮನೆಗೆ ಬನ್ನಿ. ನಾನೇ ಓಡಿಸ್ಕೊಂಡು ಹೆಸರಘಟ್ಟ ಕಡೆ ಕರ್ಕೊಂಡ್ ಹೋಗ್ತೀನಿ. ಪವರ್ ಸ್ಟೀರಿಂಗ್ ಇಲ್ಲ, ಆದ್ರೂ ಗಾಡಿ ಹಗುರ ಅಲ್ವಾ, ನನ್ನ ಕೈಗೆ ಸಲೀಸಾಗಿ ತಿರುಗ್ತದೆ.

ನಾದಿನಿ, ನೀನೂ ಬಾ. ಮುಂದಿನ ಸೀಟು ನಿನಗೇ.