ಗೊರಕೆ ನಿಂತಾಗ ಕಿವಿಗೊಡಿ



ಬೈಂದೂರು ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. “ನಮ್ಮ ಮನೆಯವರ ಗೊರಕೆ ತಡೆಯಲಾರದೆ ಮಕ್ಕಳಿಬ್ಬರೂ ಚಾಪೆ ಎತ್ತಿಕೊಂಡು ಚಾವಡಿಗೆ ಹೋಗಿದ್ದಾರೆ. ಏನಾದರೂ ಮನೆಮದ್ದು ಇದ್ದರೆ ತಿಳಿಸಿ” ಅಂತ. ಕೊನೆಗೆ ತಮಾಷೆಗೆಂಬಂತೆ ಒಂದು ಸಾಲು: “ನಡುವೆ ಒಮ್ಮೊಮ್ಮೆ ಗೊರಕೆ ಪೂರ್ತಿ ನಿಲ್ಲುತ್ತದೆ, ಆಗ ನನಗೂ ಒಂದು ಚೂರು ನಿದ್ದೆ ಹತ್ತುತ್ತದೆ.”

ಆ ಒಂದು ಸಾಲಿಗಾಗಿ ಈ ಸಲ ಮಾವಿನ ಮಿಡಿಯ ವಿಷಯ ಬದಿಗಿಟ್ಟಿದ್ದೇನೆ. ತಂಗೀ, ಗೊರಕೆ ನಿಂತ ಆ ಹೊತ್ತಿನಲ್ಲಿ ಅವರ ಉಸಿರೇ ನಿಂತಿರಬಹುದು. ಸ್ವಲ್ಪ ಹೊತ್ತಿಗೆ ಗೊರ್ ಎಂದು ಬೆಚ್ಚಿ, ಮಗ್ಗುಲಾಗಿ, ಮತ್ತೆ ಶುರು ಮಾಡುತ್ತಾರಲ್ಲ, ಅದು ಉಸಿರು ಕಟ್ಟಿದ ದೇಹ ತನ್ನನ್ನು ತಾನೇ ಎಬ್ಬಿಸಿಕೊಳ್ಳುವುದು. ಡಾಕ್ಟರುಗಳು ಇದನ್ನು ಸ್ಲೀಪ್ ಆಪ್ನಿಯಾ ಅಂತಾರೆ.

ಎಳನೀರನ್ನು ಕಾಗದದ ನಳಿಗೆಯಲ್ಲಿ ಕುಡಿದಿದ್ದೀರಲ್ಲ? ನೆನೆದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ನಳಿಗೆ ಒಳಗೊಳಗೇ ಅಂಟಿಕೊಂಡು ಬಿಡುತ್ತದೆ. ಗಂಟಲೂ ಹಾಗೇ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗಿ, ಅಂಗಾತ ಮಲಗಿದರೆ ನಾಲಿಗೆಯೂ ಹಿಂದಕ್ಕೆ ಜಾರಿ, ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡು ಅಥವಾ ಹೆಚ್ಚು ಉಸಿರು ನಿಂತರೆ ಅದು ಒಂದು ಲೆಕ್ಕ. ಉಸಿರು ಪೂರ್ತಿ ನಿಲ್ಲುವುದು, ಅರ್ಧ ಕಟ್ಟುವುದು ಎಲ್ಲ ಸೇರಿ ಗಂಟೆಗೆ 5ರೊಳಗಿದ್ದರೆ ದೊಡ್ಡವರಿಗೆ ಸಹಜ, 30 ದಾಟಿದರೆ ತೀವ್ರ. ಗಂಟೆಗೆ ಮೂವತ್ತು ಸಲ ಯಾರಾದರೂ ತಟ್ಟಿ ಎಬ್ಬಿಸಿದರೆ ನಿಮಗೆ ನಿದ್ದೆ ಆದೀತೇ? ಅದಕ್ಕೇ ಎಂಟು ಗಂಟೆ ಮಲಗಿದವರೂ ಕುಂದಾಪುರದಲ್ಲಿ ಬಸ್ಸು ಹತ್ತಿ ಬ್ರಹ್ಮಾವರ ಬರುವುದರೊಳಗೆ ಪಕ್ಕದವರ ಹೆಗಲಿಗೆ ತಲೆ ಕೊಡುತ್ತಾರೆ. ತೂಕಡಿಸುವವರು ಪ್ರಯಾಣಿಕರಾದರೆ ಸರಿ, ಸ್ಟಿಯರಿಂಗ್ ಹಿಡಿದವರಾದರೆ?

ಈಗ ತೂಕದ ಮಾತು. ಕೊಬ್ಬು ಬರೀ ಹೊಟ್ಟೆಯ ಮೇಲೆ ಕೂರುವುದಿಲ್ಲ. ಕುತ್ತಿಗೆಯ ಸುತ್ತ, ಗಂಟಲಿನ ಗೋಡೆಯಲ್ಲಿ, ನಾಲಿಗೆಯಲ್ಲಿ ಕೂಡಾ ತುಂಬುತ್ತದೆ. ಹೊಟ್ಟೆಯ ಭಾರ ಮಲಗಿದಾಗ ಶ್ವಾಸಕೋಶವನ್ನು ಮೇಲಕ್ಕೆ ಒತ್ತುತ್ತದೆ. ಅಮೇರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನೋಡಿ 2000ದಲ್ಲಿ ಪ್ರಕಟಿಸಿದ ಲೆಕ್ಕವಿದೆ: ತೂಕ ನೂರಕ್ಕೆ ಹತ್ತು ಪಾಲು ಇಳಿದರೆ ಉಸಿರು ಕಟ್ಟುವ ಸಂಖ್ಯೆ ಸುಮಾರು ಕಾಲು ಭಾಗ ಇಳಿಯುತ್ತದೆ. ತಮಾಷೆಯೆಂದರೆ, ನಿದ್ದೆಗೆಟ್ಟವರಿಗೆ ಹಸಿವೂ ಹೆಚ್ಚು. ಸಂಜೆ ಗೋಳಿಬಜೆಯ ಪ್ಲೇಟು ಎರಡಾಗುವುದು ಬರೀ ಬಾಯಿಚಪಲದಿಂದಲ್ಲ!

ಹೊಲಿಗೆಯ ಟೇಪು ತೆಗೆದು ಅಳತೆ ನೋಡಿ. ಕುತ್ತಿಗೆ ಗಂಡಸರಿಗೆ 17 ಇಂಚು, ಹೆಂಗಸರಿಗೆ 16 ದಾಟಿದ್ದರೆ ಎಚ್ಚರ. ಸೊಂಟ ನಮ್ಮ ದೇಶದವರಿಗೆ 90 ಮತ್ತು 80 ಸೆಂಟಿಮೀಟರಿನೊಳಗೆ ಇರಬೇಕು. ಕುಚ್ಚಲಕ್ಕಿ ಗಂಜಿ ಬಿಡಿ ಅಂತ ನಾನೇನೂ ಹೇಳುವುದಿಲ್ಲ. ರಾತ್ರಿ ಬಡಿಸುವ ಸೌಟು ಒಂದು ಕಡಿಮೆಯಾಗಲಿ, ಊಟ ಎಂಟಕ್ಕೆ ಮುಗಿಯಲಿ. ಮಲಗುವ ಮುಂಚೆ ಕುಡಿಯುವ ಅಭ್ಯಾಸವಿದ್ದವರು ಅದನ್ನು ಬಿಡಲೇಬೇಕು, ಗಂಟಲನ್ನು ಅದು ಇನ್ನಷ್ಟು ಸಡಿಲ ಮಾಡುತ್ತದೆ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆಯಂತೂ ಬೇಡವೇ ಬೇಡ.

ತೆಳ್ಳಗಿದ್ದವರು ನಿಶ್ಚಿಂತೆಯಿಂದ ಇರುವಂತಿಲ್ಲ. ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿದ್ದರೂ, ಥೈರಾಯ್ಡ್ ಕಡಿಮೆಯಿದ್ದರೂ ಇದು ಬರುತ್ತದೆ. ಮಕ್ಕಳಲ್ಲಿ ಸಾಮಾನ್ಯವಾಗಿ ಟಾನ್ಸಿಲ್ ಊದಿಕೊಂಡಿರುತ್ತದೆ.

ಚಿಕಿತ್ಸೆ ಇಲ್ಲದೆ ಬಿಟ್ಟರೆ ರಕ್ತದ ಒತ್ತಡ, ಹೃದಯದ ತೊಂದರೆ, ಪಾರ್ಶ್ವವಾಯು ಕಾಯುತ್ತಿರುತ್ತವೆ. “ಆಫ್ರಿಕಾದಲ್ಲಿ ಶೀಲಾ” ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹರಿ 2022ರ ಫೆಬ್ರವರಿ 15ರಂದು ಮುಂಬೈಯಲ್ಲಿ ತೀರಿಕೊಂಡಾಗ ಡಾಕ್ಟರು ಹೇಳಿದ ಕಾರಣ ಇದೇ ಕಾಯಿಲೆ.

ಆದರೆ ನನಗೆ ಹೆಚ್ಚು ಚಿಂತೆ ನಮ್ಮದೇ. ಗಂಡಸರ ಗೊರಕೆ ಕೇಳಲು ನಾವಿದ್ದೇವೆ. ನಮ್ಮದನ್ನು ಕೇಳುವವರು ಯಾರು? ನಮ್ಮೂರಲ್ಲಿ ಎಷ್ಟು ಮನೆಗಳ ಯಜಮಾನರು ಬೆಂಗಳೂರು, ಮುಂಬೈಯ ಹೋಟೆಲುಗಳಲ್ಲಿ ಇದ್ದಾರೆ! ಗಂಗೊಳ್ಳಿಯಿಂದ ಬೋಟಿಗೆ ಹೋದವರು ರಾತ್ರಿ ಕಡಲಲ್ಲಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚುತ್ತದೆ, ಅದೂ ಗದ್ದಲವಿಲ್ಲದೆ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ರಾತ್ರಿ ಎರಡು ಮೂರು ಸಲ ಬಚ್ಚಲಿಗೆ ಏಳುವುದು, ಮಧ್ಯಾಹ್ನ ಕೈಕಾಲು ಸೋತಂತಾಗುವುದು, ಕಾರಣವಿಲ್ಲದೆ ಸಿಟ್ಟು. “ಪ್ರಾಯ ಆಯ್ತಲ್ಲ ಮಾರಾಯ್ತಿ, ಕೆಲಸ ಹೆಚ್ಚಾಯ್ತು” ಅಂತ ನಾವೇ ಸಮಾಧಾನ ಹೇಳಿಕೊಂಡು ದೋಸೆಗೆ ಅಕ್ಕಿ ನೆನೆಹಾಕುತ್ತೇವೆ.

ಮನೆಮದ್ದು ಕೇಳಿದಿರಿ. ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ಇಷ್ಟೇ. ಕಷಾಯದಿಂದ ಗಂಟಲು ತೆರೆದು ನಿಲ್ಲುವುದಿಲ್ಲ. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನಿದ್ದೆಯ ಪರೀಕ್ಷೆ ಮಾಡುತ್ತಾರೆ. ಮೈಗೆ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸುತ್ತಾರೆ, ನೋವೇನೂ ಇಲ್ಲ. ಬೇಕಾದರೆ ಸಿಪ್ಯಾಪ್ ಎಂಬ ಯಂತ್ರ ಕೊಡುತ್ತಾರೆ. ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯವಿದು: ಮೂಗಿನ ಮುಖವಾಡದಿಂದ ಗಾಳಿ ಊದಿ ಗಂಟಲನ್ನು ತೆರೆದಿಡುವುದು. ಮೊದಲೆರಡು ವಾರ ಕಿರಿಕಿರಿ, ಆಮೇಲೆ ಅಭ್ಯಾಸವಾಗುತ್ತದೆ.

ಬೈಂದೂರಿನ ತಂಗಿ ಇವತ್ತೇ ರಾತ್ರಿ ಮೊಬೈಲಿನಲ್ಲಿ ಯಜಮಾನರ ಗೊರಕೆ ರೆಕಾರ್ಡ್ ಮಾಡಿ, ನಿಂತದ್ದೂ ಸೇರಿ, ಡಾಕ್ಟರಿಗೆ ಕೇಳಿಸಲಿ. ನಾಳೆ ರಾತ್ರಿ ಅದೇ ಮೊಬೈಲು ತನ್ನ ತಲೆದಿಂಬಿನ ಬದಿಯಲ್ಲಿರಲಿ.