ಕಣ್ಣು ಕಂಡದ್ದೆಷ್ಟು, ಮನಸ್ಸು ಸೇರಿಸಿದ್ದೆಷ್ಟು?



ಈ ತಿಂಗಳ ಅಂಕಣ ಓದುವ ಮುನ್ನ ಒಂದು ಸಣ್ಣ ಕೆಲಸ ಮಾಡಿ. ಅಡುಗೆ ಮನೆಯಿಂದ ಮೂರು ಪಾತ್ರೆ ತನ್ನಿ. ಒಂದರಲ್ಲಿ ಕೈಗೆ ತಾಳುವಷ್ಟು ಬಿಸಿ ನೀರು, ಇನ್ನೊಂದರಲ್ಲಿ ಫ್ರಿಜ್ಜಿನ ತಣ್ಣೀರು, ಮೂರನೆಯದರಲ್ಲಿ ಉಗುರು ಬೆಚ್ಚಗಿನ ನೀರು ಇರಲಿ. ಬಲಗೈಯನ್ನು ಬಿಸಿ ನೀರಿನಲ್ಲಿ, ಎಡಗೈಯನ್ನು ತಣ್ಣೀರಿನಲ್ಲಿ ಒಂದೆರಡು ನಿಮಿಷ ಇಡಿ. ಅನಂತರ ಎರಡೂ ಕೈಗಳನ್ನು ಒಟ್ಟಿಗೇ ಮೂರನೆಯ ಪಾತ್ರೆಯಲ್ಲಿ ಮುಳುಗಿಸಿ. ನೀರು ಒಂದೇ. ಆದರೆ ಬಲಗೈ ಅದನ್ನು ತಣ್ಣಗಿದೆ ಎನ್ನುತ್ತದೆ, ಎಡಗೈ ಬಿಸಿಯಾಗಿದೆ ಎನ್ನುತ್ತದೆ. 17ನೇ ಶತಮಾನದ ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್ ಈ ಸಂಗತಿಯನ್ನು ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ.

ಎರಡು ಕೈಗಳಲ್ಲಿ ಸುಳ್ಳು ಹೇಳಿದ್ದು ಯಾವುದು? ಯಾವುದೂ ಅಲ್ಲ. ಚರ್ಮವು ಥರ್ಮಾಮೀಟರ್ ಅಲ್ಲ. ಈಗ ತಾಗಿದ್ದು ಸ್ವಲ್ಪ ಹೊತ್ತಿನ ಮೊದಲು ತಾಗಿದ್ದಕ್ಕಿಂತ ಹೇಗೆ ಬೇರೆ ಎಂಬುದನ್ನಷ್ಟೇ ಅದು ಚೆನ್ನಾಗಿ ಹೇಳಬಲ್ಲದು. ನೀರೇ ತಣ್ಣಗಿದೆ ಎಂಬ ತೀರ್ಪನ್ನು ಕೊಟ್ಟವರು ನಾವು.

ಕಣ್ಣಿನ ವಿಷಯವೂ ಹೀಗೆಯೇ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ 11ನೇ ಶತಮಾನದಲ್ಲಿ ‘ಕಿತಾಬುಲ್ ಮನಾಝಿರ್’ ಎಂಬ ಏಳು ಭಾಗಗಳ ಗ್ರಂಥ ಬರೆದರು. ನೋಡುವುದೆಂದರೆ ಬೆಳಕು ಕಣ್ಣಿಗೆ ಬಂದು ತಲುಪುವುದು ಮಾತ್ರವಲ್ಲ, ಅದರ ಜೊತೆಗೆ ಮನಸ್ಸು ಹೋಲಿಕೆ ಮಾಡುತ್ತದೆ, ಊಹಿಸುತ್ತದೆ, ತೀರ್ಮಾನಿಸುತ್ತದೆ ಎಂದು ಅವರು ವಿವರಿಸಿದರು. ಇದೆಲ್ಲ ಎಷ್ಟು ವೇಗವಾಗಿ ನಡೆಯುತ್ತದೆಂದರೆ ನಮಗೆ ಗೊತ್ತೇ ಆಗುವುದಿಲ್ಲ. ಒಂದೇ ಬಣ್ಣದ ಚುಕ್ಕೆ ಬಿಳಿಯ ಮೇಲಿದ್ದರೆ ಕಪ್ಪಾಗಿಯೂ ಕಪ್ಪಿನ ಮೇಲಿದ್ದರೆ ತಿಳಿಯಾಗಿಯೂ ಕಾಣುತ್ತದೆ ಎಂಬುದನ್ನು ಅವರು ಗುರುತಿಸಿದ್ದರು.

ಅಮೆರಿಕದ ಎಂ.ಐ.ಟಿ.ಯ ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಒಂದು ಚಿತ್ರ ರಚಿಸಿದರು. ಚದುರಂಗದ ಮಣೆಯಂತಹ ಹಾಸು, ಅದರ ಮೇಲೆ ಒಂದು ಕಂಬದ ನೆರಳು. ನೆರಳಿನ ಹೊರಗಿನ ಒಂದು ಚೌಕ ಕಪ್ಪಾಗಿ ಕಾಣುತ್ತದೆ, ನೆರಳಿನೊಳಗಿನ ಇನ್ನೊಂದು ಬೆಳ್ಳಗೆ ಕಾಣುತ್ತದೆ. ಸುತ್ತಲಿನದೆಲ್ಲವನ್ನೂ ಮುಚ್ಚಿ ಆ ಎರಡು ಚೌಕಗಳನ್ನಷ್ಟೇ ನೋಡಿದರೆ ಎರಡೂ ಒಂದೇ ಬೂದು ಬಣ್ಣ! ವಿಚಿತ್ರವೆಂದರೆ ಈ ಸತ್ಯ ತಿಳಿದ ಮೇಲೂ, ಮುಚ್ಚಿದ್ದನ್ನು ತೆರೆದೊಡನೆ ಅವು ಮತ್ತೆ ಬೇರೆ ಬೇರೆಯಾಗಿಯೇ ಕಾಣುತ್ತವೆ. ಅಂದರೆ ತಿಳುವಳಿಕೆ ನಮ್ಮ ಕಣ್ಣನ್ನು ತಿದ್ದಲಾರದು. ತೀರ್ಪನ್ನು ಮಾತ್ರ ತಿದ್ದಬಲ್ಲದು.

ಇನ್ನು ನಮ್ಮ ಮನೆಗಳಿಗೆ ಬನ್ನಿ. ಹೆಣ್ಣು ನೋಡಲು ನಾಲ್ಕು ಮಂದಿ ಹೋಗುತ್ತಾರೆ. ಟ್ಯೂಬ್‌ಲೈಟಿನ ಬೆಳಕು. ಹುಡುಗಿಯ ಒಂದು ಬದಿಯಲ್ಲಿ ಬೆಳ್ಳಗಿನ ತಂಗಿ, ಇನ್ನೊಂದು ಬದಿಯಲ್ಲಿ ಬೆಳ್ಳಗಿನ ಚಿಕ್ಕಮ್ಮ, ಮೈಮೇಲೆ ಕಣ್ಣು ಕೋರೈಸುವ ಬಣ್ಣದ ಬಟ್ಟೆ. ಚಹಾ ಕುಡಿದು ಮುಗಿಯುವುದರೊಳಗೆ ತೀರ್ಪು ಸಿದ್ಧವಾಗುತ್ತದೆ: ‘ಹುಡುಗಿ ಒಳ್ಳೆಯವಳೇ, ಆದರೆ ಬಣ್ಣ ಸ್ವಲ್ಪ ಕಡಿಮೆ.’

ಸಹೋದರಿಯರೇ, ಈ ಒಂದು ವಾಕ್ಯವನ್ನು ಬಿಡಿಸಿ ನೋಡಿ. ‘ಬಣ್ಣ’ ಎಂದದ್ದು ಕಣ್ಣು. ಅದೂ ಬೆಳಕು, ಬಟ್ಟೆ, ಪಕ್ಕದಲ್ಲಿ ಕುಳಿತವರು ಇವೆಲ್ಲವನ್ನೂ ಸೇರಿಸಿಕೊಂಡು. ‘ಕಡಿಮೆ’ ಎಂದದ್ದು ಮಾತ್ರ ಕಣ್ಣಲ್ಲ. ಬೆಳ್ಳಗಿರುವುದು ಹೆಚ್ಚು, ಕಪ್ಪಗಿರುವುದು ಕಡಿಮೆ ಎಂಬ ಲೆಕ್ಕವನ್ನು ಯಾವ ಕಣ್ಣೂ ಹುಟ್ಟುವಾಗ ತಂದಿರುವುದಿಲ್ಲ. ಅದನ್ನು ನಾವು ಕೇಳಿ ಕೇಳಿ ಕಲಿತಿದ್ದೇವೆ. ತೊಟ್ಟಿಲ ಬಳಿ ನಿಂತು ‘ಮಗು ಯಾರ ಬಣ್ಣ?’ ಎಂದು ಕೇಳುವವರಿಂದ ಕಲಿತಿದ್ದೇವೆ, ಜಾಹೀರಾತುಗಳಿಂದ ಕಲಿತಿದ್ದೇವೆ. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಕ್ರೀಮು ಕೂಡಾ 2020ರಲ್ಲಿ ‘ಫೇರ್’ ಎಂಬ ಪದವನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಆಯಿತು. ಟ್ಯೂಬಿನ ಮೇಲಿನ ಹೆಸರು ಬದಲಾಯಿತು. ನಮ್ಮ ನಾಲಗೆಯ ಮೇಲಿನದು?

‘ಹಾಗಾದರೆ ಕಣ್ಣನ್ನು ನಂಬಲೇ ಬಾರದೇ?’ ಎಂದು ನೀವು ಕೇಳಬಹುದು. ಕಣ್ಣಿಲ್ಲದೆ ಅಕ್ಕಿಯಿಂದ ಕಲ್ಲು ಹೆಕ್ಕಲಿಕ್ಕೂ ಆಗದು. ಆದರೆ ಕಣ್ಣಿನ ಮಾತನ್ನು ಎಲ್ಲಿವರೆಗೆ ಕೇಳಬೇಕು ಎಂಬುದಕ್ಕೆ ಇಮಾಮ್ ಗಝಾಲಿ(ರ) ತಮ್ಮ ‘ಅಲ್ ಮುನ್ಕಿಝ್’ ಎಂಬ ಕೃತಿಯಲ್ಲಿ ಕೊಟ್ಟ ಒಂದು ಉದಾಹರಣೆ ಸಾಕು. ನೆರಳನ್ನು ನೋಡಿದರೆ ಅದು ನಿಂತೇ ಇದೆ ಎಂದು ಕಣ್ಣು ಹೇಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ ಅದು ಸರಿದಿರುತ್ತದೆ. ನೆರಳು ಒಮ್ಮೆಗೇ ಹಾರಿದ್ದಲ್ಲ, ಪ್ರತಿ ಕ್ಷಣವೂ ಚಲಿಸುತ್ತಲೇ ಇತ್ತು. ಇಲ್ಲಿ ಕಣ್ಣಿನ ತಪ್ಪನ್ನು ತಿದ್ದಿದ್ದು ಸಮಯ ಮತ್ತು ಎರಡನೆಯ ನೋಟ.

ಒಂದು ನೆರಳಿಗೇ ಇಷ್ಟು ಕಾಯಬೇಕಾದರೆ ಒಂದು ಹೆಣ್ಣುಮಗಳಿಗೆ ಎಷ್ಟು ಕಾಯಬೇಕು? ನಾವು ಅರ್ಧ ಗಂಟೆಯಲ್ಲಿ ಹೇಳಿ ಮರೆತ ಮಾತನ್ನು ಆಕೆ ವರ್ಷಗಟ್ಟಲೆ ಕನ್ನಡಿಯ ಮುಂದೆ ನೆನಪಿಸಿಕೊಳ್ಳುತ್ತಾಳೆ. ಮುಂದಿನ ಸಂಬಂಧಕ್ಕೆ ಬರುವವರ ಮುಂದೆ ಕುಳಿತುಕೊಳ್ಳಲು ಹೆದರುತ್ತಾಳೆ.

ಗಂಡು ಮಕ್ಕಳಿರುವ ತಾಯಂದಿರೇ, ಇನ್ನು ಮುಂದೆ ಹೆಣ್ಣು ನೋಡಿ ಬಂದ ದಿನ ಮನೆಯಲ್ಲಿ ಆಕೆಯ ಬಣ್ಣದ ಮಾತೆತ್ತಬೇಡಿ. ಆಕೆ ಏನು ಮಾತನಾಡಿದಳು, ಏನು ಓದಿದ್ದಾಳೆ, ಮನೆಯ ಹಿರಿಯರೊಂದಿಗೆ, ಚಿಕ್ಕ ಮಕ್ಕಳೊಂದಿಗೆ ಹೇಗೆ ನಡೆದುಕೊಂಡಳು ಎಂಬುದನ್ನು ಮೊದಲು ಹೇಳಿ ನೋಡಿ. ಹೇಳಲಿಕ್ಕೆ ಏನೂ ಇಲ್ಲವೆಂದಾದರೆ, ನೀವು ಆಕೆಯನ್ನು ಇನ್ನೂ ನೋಡಿಲ್ಲ ಎಂದರ್ಥ.