ಕಾಯ್ತಾ ಕೂರಬೇಡಿ, ಲ್ಯಾಪ್‌ಟಾಪ್ ಈಗಲೇ ತಗೊಳ್ಳಿ

ರಾಯದುರ್ಗ, ಮಡಕಶಿರಾ ಕಡೆ ಕಾಲೇಜಿಗೆ ಸೇರಿರೋ ನಮ್ಮ ಹುಡುಗರು ಕೇಳ್ತಾರೆ: "ಅಣ್ಣಾ, ಹೊಸ ಪ್ರೊಸೆಸರ್ ಬರೋವರೆಗೂ ಕಾಯೋಣವಾ?" ಬೇಡ. ಇಂಟೆಲ್, ಎಎಂಡಿ ಹೆಚ್ಚುಕಡಿಮೆ ವರ್ಷಕ್ಕೊಂದು ಹೊಸದು ಬಿಡ್ತಾವೆ, ಕಾಯ್ತಾ ಕೂತ್ರೆ ಡಿಗ್ರಿನೇ ಮುಗಿಯುತ್ತೆ. ನನ್ನ ತಂಗಿ ಹೀಗೇ ಕಾದು, ಬಿ.ಕಾಂ. ಮೊದಲ ವರ್ಷ ಪೂರ್ತಿ ಟ್ಯಾಲಿನ ಮೊಬೈಲ್ ವೀಡಿಯೋದಲ್ಲಿ ನೋಡಿದ್ದೇ ಬಂತು, ಕೈಯಾಡಿಸಿ ಕಲಿಯಲಿಲ್ಲ.

ಟ್ಯಾಲಿ, ಎಕ್ಸೆಲ್, ಯೂನಿಕೋಡ್ ಕನ್ನಡ ಟೈಪಿಂಗ್‌ಗೆ ಎರಡು ವರ್ಷದ ಹಿಂದಿನ ಪ್ರೊಸೆಸರ್ ಧಾರಾಳ ಸಾಕು. ಎಸ್‌ಎಸ್‌ಡಿ ಇರಲಿ. ರ‍್ಯಾಮ್ 8 ಜಿಬಿ ಇದ್ರೆ, ಮುಂದೆ ಹೆಚ್ಚಿಸೋಕೆ ಆಗ್ತದಾ ಅಂತ ಅಂಗಡೀಲಿ ಕೇಳಿ. ಕಾದ್ರೆ ಅಗ್ಗ ಆಗುತ್ತೆ ಅನ್ನೋದೂ ಗ್ಯಾರಂಟಿ ಇಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ 2025ರ ಕೊನೇಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು.

ಬಳ್ಳಾರಿಗೋ ಹಿಂದೂಪುರಕ್ಕೋ ಹೋಗಿ ಸೆಕೆಂಡ್‌ಹ್ಯಾಂಡ್ ತರೋರು ಮಾತ್ರ ಪ್ರೊಸೆಸರ್ ನೋಡ್ಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದೇ ಬೇಕು.